ಸೊನ್ನೆ ಬರೆದವಳಿಗೆ

ವೋಯಿ
ಜುಲೈ 2

ಮಘೋಯಿ,

ಮೊದಲು ‘ಪ್ರೀತಿಯ’ ಎಂದು ಬರೆದಿದ್ದೆ, ಆಮೇಲೆ ಹೊಡೆದುಹಾಕಿದೆ. ಗುರುತು ಕಂಡರೆ ಕಾಣಲಿ, ಇದಕ್ಕಾಗಿ ಇನ್ನೊಂದು ಹಾಳೆ ಹಾಳುಮಾಡುವ ಮನಸ್ಸಿಲ್ಲ.

ನಾಲ್ಕು ವರ್ಷದ ಹಿಂದೆ ನನ್ನ ಹೊಲಿಗೆ ಅಂಗಡಿಗೆ ಶಾಲೆಗಳ ಸಮವಸ್ತ್ರದ ಕೆಲಸ ಬರತೊಡಗಿದಾಗ, ತೆರಿಗೆ ವಿವರ ತುಂಬುವುದು ಯಾರು ಎಂದು ಮನೆಯಲ್ಲಿ ಜಗಳವಾಗಿತ್ತು. ನನ್ನ ಗಂಡ ಮ್ವಾಕಿಮಾ ಫೋನಿಗೆ ತೆರಿಗೆಯ ಆ್ಯಪ್ ಹಾಕಿಸಿಕೊಂಡು ಬಂದಿದ್ದರು. “ಅದೇ ಕೇಳತ್ತೆ, ನೀನು ಹೇಳ್ತಾ ಹೋದ್ರೆ ಆಯ್ತು ಕಣೇ” ಅಂದರು. ನಾನೇ ಒಪ್ಪಲಿಲ್ಲ. ನಮ್ಮ ಬೆಟ್ಟದ ಊರಿನಿಂದ ಅಕೌಂಟೆಂಟ್ ಆದ ಮೊದಲ ಹೆಣ್ಣು ನೀನು. ಅಂಥವಳು ಪಕ್ಕದ ಬೀದಿಯಲ್ಲಿ ಕಚೇರಿ ಇಟ್ಟಿರುವಾಗ ಫೋನಿಗೆ ನನ್ನ ಕಷ್ಟಸುಖ ಹೇಳಿಕೊಳ್ಳಲೇ ಎಂದು ಅವರ ಬಾಯಿ ಮುಚ್ಚಿಸಿದೆ.

ತೆರಿಗೆ ಖಾತೆಯ ಪಾಸ್‌ವರ್ಡ್ ನಿನ್ನ ಕೈಗೆ ಕೊಟ್ಟೆ. ನನಗೆ ಈಮೇಲ್ ಇಲ್ಲ ಎಂದಾಗ ನೀನು, “ನನ್ನದೇ ಹಾಕ್ತೀನಿ ಬಿಡಕ್ಕ, ನಿಂಗ್ಯಾಕೆ ತಲೆನೋವು” ಅಂದೆ. ಪ್ರತಿ ಜೂನ್‌ನಲ್ಲೂ ನೀನು ಬಂದು, ಚಹಾ ಕುಡಿದು, ನಾನು ಕರಿದ ಮಂದಾಜಿ ತಿಂದು, ಬಿಲ್ಲುಗಳ ಚೀಲ ಹೊತ್ತುಕೊಂಡು ಹೋಗುತ್ತಿದ್ದೆ. ಶುಲ್ಕವನ್ನು ಬೇಡ ಬೇಡ ಎನ್ನುತ್ತಲೇ ಪರ್ಸಿಗೆ ಸೇರಿಸುತ್ತಿದ್ದೆ.

ಈ ಸಲ ಬಂದದ್ದು ಆರು ಶಾಲೆಗಳ ಟೆಂಡರ್. ಸಿಕ್ಕಿದ್ದರೆ ನನ್ನ ಬಳಿ ಹೊಲಿಯುವ ನಾಲ್ವರು ಹೆಂಗಸರಿಗೂ ಎರಡು ವರ್ಷ ಕೆಲಸ. ಅದಕ್ಕೆ ತೆರಿಗೆ ಸರಿಯಾಗಿದೆ ಎಂಬ ಪ್ರಮಾಣಪತ್ರ ಬೇಕಿತ್ತು. ಕೇಳಲು ಹೋದರೆ ತೆರಿಗೆ ಕಚೇರಿಯ ಹೆಂಗಸು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದಳು. ನಾಲ್ಕು ವರ್ಷವೂ ಆದಾಯ ಸೊನ್ನೆ. ಶಾಲೆಗಳು ನನಗೆ ಕೊಟ್ಟ ಹಣವೆಲ್ಲ ಪಕ್ಕದಲ್ಲೇ ಕಾಣುತ್ತಿತ್ತು. ಕೆಲಸವಿಲ್ಲದವರು ಕೊನೆಯ ದಿನ ಸೊನ್ನೆ ಒತ್ತಿ ಕೈತೊಳೆದುಕೊಳ್ಳುವ ಹಾಗೆ ನೀನು ನನ್ನದನ್ನೂ ಒಂದು ನಿಮಿಷದಲ್ಲಿ ಮುಗಿಸಿದ್ದೆ. ಚೀಲದ ಗಂಟು ಕೂಡ ಬಿಚ್ಚಿರಲಿಕ್ಕಿಲ್ಲ.

ಸೋಮಾರಿತನ ಎಂದು ಅದನ್ನಾದರೂ ನುಂಗಿಕೊಳ್ಳುತ್ತಿದ್ದೆ. ಆದರೆ ಅವಳು, “ಮೂರು ನೋಟಿಸ್ ಕಳಿಸಿದೀವಲ್ಲಮ್ಮ, ಒಂದಕ್ಕೂ ಉತ್ತರ ಇಲ್ಲ” ಅಂದಳು. ಮೂರೂ ನಿನ್ನ ಈಮೇಲಿಗೆ ಬಂದಿದ್ದವು, ಮೊದಲನೆಯದು ಎಂಟು ತಿಂಗಳ ಹಿಂದೆ. ಈ ಎಂಟು ತಿಂಗಳಲ್ಲಿ ನೀನು ನನ್ನ ಮೊಮ್ಮಗಳ ದೀಕ್ಷಾಸ್ನಾನಕ್ಕೆ ಬಂದೆ, ಮಗುವನ್ನು ಎತ್ತಿಕೊಂಡೆ, “ಟೆಂಡರ್ ನಿಂಗೇ ಬರತ್ತೆ ನೋಡಕ್ಕ” ಅಂದೆ. ಗೊತ್ತಿದ್ದೂ ಅಂದೆ. ನಂಬಿಸಿ ಕುತ್ತಿಗೆ ಕೊಯ್ಯುವುದು ಎಂದರೆ ಇದೇ ಅಲ್ಲವೇ?

ಟೆಂಡರ್ ಹೋಯಿತು. ಬಾಕಿ, ದಂಡ ಎಲ್ಲ ಸೇರಿಸಿ ಕಟ್ಟಲು ಎರಡು ಯಂತ್ರ ಮಾರಿದೆ. ಇಬ್ಬರು ಹೆಂಗಸರಿಗೆ ನಾಳೆಯಿಂದ ಬರಬೇಡಿ ಎಂದು ನನ್ನ ಬಾಯಿಂದಲೇ ಹೇಳಬೇಕಾಯಿತು. ಈ ವರ್ಷದ್ದನ್ನು ಆ್ಯಪಿನಲ್ಲಿ ನಾನೇ ತುಂಬಿದೆ, ಇಡೀ ಮಧ್ಯಾಹ್ನ ಹಿಡಿಯಿತು. ನಾನು ಅವತ್ತೇ ಹೇಳಿರಲಿಲ್ಲವೇ ಎಂದು ಮ್ವಾಕಿಮಾ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ನನ್ನ ಚೀಲಗಳನ್ನು ಯಾರ ಕೈಲಾದರೂ ಕಳಿಸು. ನೀನು ಬರಬೇಡ.

ವಾವುದಾ

ಮತ್ತೊಂದು ಮಾತು: ಸೊನ್ನೆ ತುಂಬಿದ್ದು ಯಾರು ಎಂದು ಕಚೇರಿಯಲ್ಲಿ ಕೇಳಿದರು. ನಾನೇ ಅಂದೆ. ನಿನ್ನ ಮೇಲಿನ ಮಮತೆ ಎಂದುಕೊಳ್ಳಬೇಡ. ನಿನ್ನನ್ನು ಓದಿಸಲು ಅವತ್ತು ಊರೆಲ್ಲ ಚರ್ಚಿನ ಅಂಗಳದಲ್ಲಿ ಸೇರಿ ಆಡು, ಕೋಳಿ, ಇದ್ದಬದ್ದದ್ದನ್ನೆಲ್ಲ ಕೊಟ್ಟಿತು. ಬರುವ ಭಾನುವಾರ ಇನ್ನೊಬ್ಬಳು ಹುಡುಗಿಯ ಕಾಲೇಜಿಗಾಗಿ ಮತ್ತೆ ಸೇರುತ್ತಿದ್ದಾರೆ. ಈಗ ನಿನ್ನ ಹೆಸರು ಹೊರಗೆ ಬಿದ್ದರೆ ಆ ಮಗುವಿಗೆ ಯಾರೂ ಒಂದು ಮೊಟ್ಟೆಯನ್ನೂ ಕೊಡುವುದಿಲ್ಲ.