ಒರಳಿನ ಬಾಯಿಗೆ ಬಂದ ಕಡಲು

ಅಕ್ಕಾ,

ನಾನು, ನಿನ್ನ ತಮ್ಮ ಮುನಿಸ್ವಾಮಿ. ಯಾರಿಗೆ ಕಾಗದ ಬರೆದರೂ ಮೊದಲ ಸಾಲಿನಲ್ಲೇ ‘ಇಲ್ಲಿ ಎಲ್ಲರೂ ಕ್ಷೇಮ’ ಎಂದು ಹಾಕುವುದು ನನ್ನ ರೂಢಿ. ಈ ಸಲ ಆ ಮಾತನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಅದು ನಿಜವೋ ಅಲ್ಲವೋ ಎಂದು ಎರಡು ಮಳೆಗಾಲ ನನಗೇ ಗೊತ್ತಿರಲಿಲ್ಲ. ನಿನ್ನ ಮಗಳು ರತ್ನಳ ಸುದ್ದಿ ಇದು. ನೀನು ತೀರಿಹೋಗಿ ನಾಲ್ಕು ವರ್ಷವಾಯಿತು, ಆದರೂ ಅವಳ ವಿಷಯವನ್ನು ನಿನಗೆ ಒಪ್ಪಿಸದೆ ಇರಲು ನನ್ನಿಂದ ಆಗುವುದಿಲ್ಲ.

ವಾಸು ಹೆಣ್ಣು ಕೇಳಿಕೊಂಡು ಬಂದ ದಿನ ನೆನಪಿದೆಯಾ? ಕರಾವಳಿಯ ಹುಡುಗ, ಊರಿಗಾಂನ ಗಣಿಯ ವರ್ಕ್‌ಶಾಪಿನಲ್ಲಿ ಲೇತ್ ಕೆಲಸ ಕಲಿಯಲು ಬಂದಿದ್ದವನು. ಮದುವೆಯಾದ ಮೇಲೆ ತನ್ನ ಊರಿಗೇ ಹೋಗಿ ದೋಣಿಯ ಇಂಜಿನ್ನು ರಿಪೇರಿ ಮಾಡಿಕೊಂಡು ಇರುತ್ತೇನೆ ಎಂದ. ನೀನು ಬಂಗಾರಪೇಟೆಯ ಮನೆಯ ಜಗಲಿಯಲ್ಲಿ ರಾಗಿ ಕೇರುತ್ತಾ ಕೂತಿದ್ದೆ. ಮೊರ ಕೆಳಗಿಡದೆಯೇ ಅಂದೆ: “ಸಮುದ್ರದ ಪಕ್ಕಕ್ಕೆ ನನ್ ಮಗಳ್ನ ಕೊಡಾಕಿಲ್ಲ ಕಣ್ಲಾ. ಅದು ಯಾವತ್ತು ಮನೆ ಒಳೀಕೆ ಬತ್ತದೋ ಯಾರಿಗ್ ಗೊತ್ತು?” ನಾನು ನಕ್ಕುಬಿಟ್ಟೆ. “ಅಕ್ಕಾ, ಇಲ್ಲಿ ಒಂದ್ ಬಿಂದಿಗೆ ನೀರ್ಗೆ ಅರ್ಧ ದಿನ ಬೋರಿನ ಮುಂದೆ ನಿಂತ್ಕೊತೀಯ. ನೀರಿರೋ ಊರ್ಗೆ ಎಣ್ಣು ಕೊಡಾಕೆ ಅಳ್ತೀಯಲ್ಲ!” ಆ ಮಾತಿಗೆ ನೀನು ಸುಮ್ಮನಾದೆ. ಒಪ್ಪಿ ಸುಮ್ಮನಾದೆಯೋ, ತಮ್ಮನ ಮಾತು ತೆಗೆದುಹಾಕಬಾರದೆಂದು ಸುಮ್ಮನಾದೆಯೋ, ಅವತ್ತು ನಾನು ಕೇಳಲಿಲ್ಲ. ಈಗ ಕೇಳೋಣವೆಂದರೆ...

ಮದುವೆ ಮುಗಿದು ರತ್ನಳನ್ನು ರೈಲು ಹತ್ತಿಸುವ ದಿನ ನೀನು ಮಾಡಿದ ಗಲಾಟೆ ನೆನೆದರೆ ಈಗಲೂ ನಗು ಬರುತ್ತದೆ. ನಮ್ಮ ಕಡೆಯ ಕರಿಯ ಒರಳುಕಲ್ಲು ಮಗಳ ಜೊತೆ ಹೋಗಲೇಬೇಕು. “ಅಲ್ಲಿ ಕಲ್ಲೆಲ್ಲ ಮೆತ್ತಗಂತೆ, ಕೊಡಲೀಲಿ ಕುಯ್ತಾರಂತೆ. ಅದ್ರಾಗೆ ಇವ್ಳು ಏನ್ ರುಬ್ಬಾಳು?” ನಾಲ್ಕು ಜನ ಅದನ್ನು ಗಾಡಿಗೆ ಎತ್ತುವಾಗ ಗಾರ್ಡು ಕೇಳಿದ, “ಏನಮ್ಮಾ, ಮಗಳನ್ನ ಕಳಿಸ್ತಿದ್ದೀಯೋ, ಬೆಟ್ಟಾನ ಕಳಿಸ್ತಿದ್ದೀಯೋ?” ರತ್ನಳ ಅತ್ತೆ ಗಿರಿಜಮ್ಮ ಆ ಕಲ್ಲಿಗೆ ಹಿತ್ತಲಲ್ಲಿ ಅಲ್ಲಿನ ಕೆಂಪು ಮುರಕಲ್ಲಿನ ಕಟ್ಟೆ ಕಟ್ಟಿಸಿ, ಅಲ್ಲಾಡದ ಹಾಗೆ ಗಾರೆ ಹಾಕಿ ಕೂರಿಸಿದರು. ಆ ಹಿತ್ತಲಿನಿಂದ ಕಡಲು ಕಾಣುತ್ತಿತ್ತು. ಕಾಣುತ್ತಿತ್ತು ಅಷ್ಟೆ, ಆಗ ದೂರವಿತ್ತು.

ನಾನು ಪಾಳಿ ಮುಗಿಸಿ ಬಂದಾಗಲೆಲ್ಲ ನನ್ನ ತೋಳಿನ ಸೀಮೆಸುಣ್ಣದ ಪುಡಿ ನೋಡಿ “ಮೇಷ್ಟ್ರು ಬಂದ್ರು, ಸ್ಯಾಲೆ ಬಿಡ್ತಾ?” ಎಂದು ರೇಗಿಸುತ್ತಿದ್ದೆಯಲ್ಲ. ನಂದಿದುರ್ಗದ ಚಿನ್ನದ ಗಣಿಯ ಪಂಪಿನ ಮನೆಯಲ್ಲಿ ನನಗೆ ಅದೇ ಪಾಠ. ನೆಲದಡಿಯ ನೀರು ಎಲ್ಲಿಗೆ ನಿಂತಿದೆಯೋ ಅಲ್ಲಿಗೆ ಪಾಳಿ ಮುಗಿಯುವ ಹೊತ್ತಿಗೆ ಸರಿಯಾಗಿ ಗೋಡೆಯ ಮೇಲೆ ಒಂದು ಗೆರೆ, ಪಕ್ಕದಲ್ಲಿ ನನ್ನ ಅಕ್ಷರ. ಮುಂದಿನ ಪಾಳಿಯವನು ಅದನ್ನು ನೋಡಿಯೇ ಕೆಲಸ ಶುರು ಮಾಡಬೇಕು. ಗೆರೆ ಮೇಲಕ್ಕೆ ಬಂದಿದ್ದರೆ ಇನ್ನೊಂದು ಪಂಪು ಹಾಕಬೇಕು. ಒಂದು ಗಣಿಯಲ್ಲಿ ಪಂಪು ನಿಂತರೆ ನೀರು ಅಲ್ಲೇ ನಿಲ್ಲುವುದಿಲ್ಲ, ಒಳಗೊಳಗೇ ಪಕ್ಕದ ಗಣಿಗೆ ನುಗ್ಗುತ್ತದೆ ಎಂದು ಹಿರಿಯರು ಹೇಳೋರು. ನಂದಿದುರ್ಗದಲ್ಲಿ ನಾವು ಎಚ್ಚರ ತಪ್ಪಿದರೆ ಚಾಂಪಿಯನ್ ರೀಫ್ಸ್‌ನಲ್ಲಿ ಇನ್ಯಾರದೋ ಕಾಲು ಒದ್ದೆ. ನಾನು ಓದಿದ ಓದು ಇಷ್ಟೇ, ಅಕ್ಕಾ. ಉಳಿದದ್ದೆಲ್ಲ ಲೈಬ್ರರಿಯ ಪತ್ರಿಕೆಗಳದ್ದು.

ಆ ಪತ್ರಿಕೆಯಲ್ಲೇ ಒಂದು ದಿನ ಓದಿದೆ. ಭೂಮಿ ಬಿಸಿಯಾಗುತ್ತಿದೆ, ಎಲ್ಲೋ ಇರುವ ಮಂಜುಗಡ್ಡೆ ಕರಗಿ ಸಮುದ್ರ ಮೇಲಕ್ಕೆ ಬರುತ್ತದೆ, ಕಡಲತಡಿಯ ಪಟ್ಟಣಗಳು ಗೋಡೆ ಕಟ್ಟಬೇಕು, ಇಲ್ಲವೇ ಜನರನ್ನು ಹಿಂದಕ್ಕೆ ಸರಿಸಬೇಕು ಎಂದು ಬರೆದಿತ್ತು. ಪತ್ರಿಕೆ ಮಡಿಸಿಟ್ಟೆ. ನೀನು ಅಂದದ್ದು ಕಿವಿಯಲ್ಲಿ ಕೇಳಿದ ಹಾಗಾಯಿತು. ಯುಗಾದಿ ಮುಗಿಸಿ ರತ್ನಳ ಊರಿಗೆ ಹೊರಟೆ. ಜೇಬಿನಲ್ಲಿ ಸೀಮೆಸುಣ್ಣ ಇತ್ತು.

ಅಲ್ಲಿ ನಾನು ಮಾಡಿದ ಕೆಲಸ ಕೇಳಿದರೆ ನೀನು ಹಣೆ ಚಚ್ಚಿಕೊಳ್ಳುತ್ತೀಯ. ಅಷ್ಟಮಿಯ ದಿನ ದೋಣಿ ಕಟ್ಟುವ ದಕ್ಕೆಗೆ ಹೋಗಿ, ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ ಕಂಬದ ಮೇಲೆ ಒಂದು ಗೆರೆ ಎಳೆದೆ. ಕಡಲಿಗೆ ಉಬ್ಬರ ಇಳಿತ ಇದೆ ಎಂದು ಓದಿದ್ದೆನಲ್ಲ, ದಿನವೂ ಅದೇ ಗಂಟೆಗೆ ಅಳೆದರೆ ಆ ಏರುಪೇರು ಲೆಕ್ಕದಿಂದ ಬಿಟ್ಟುಹೋಗುತ್ತದೆ ಎಂದುಕೊಂಡೆ. ಮರುದಿನ ಹನ್ನೆರಡಕ್ಕೆ ನೀರು ಮೇಲಿತ್ತು. ಅದರ ಮರುದಿನ ಇನ್ನೂ ಮೇಲೆ. ಏಳನೆಯ ದಿನಕ್ಕೆ ಮೊದಲ ಗೆರೆಯಿಂದ ಮೂರು ಅಡಿ ಏರಿತ್ತು, ಅಕ್ಕಾ! ಗಣಿಯಲ್ಲಿ ಹಾಗೇನಾದರೂ ಏರಿದ್ದರೆ ಎಲ್ಲರನ್ನೂ ಮೇಲಕ್ಕೆ ಕಳಿಸುತ್ತಿದ್ದೆವು. ಓಡಿಬಂದು ರತ್ನಳ ಕೈಲಿ ಅಕ್ಕಿ, ಬಟ್ಟೆ, ಮಕ್ಕಳ ಪುಸ್ತಕ ಎಲ್ಲ ಕಟ್ಟಿಸಿದೆ. ಅಕ್ಕಪಕ್ಕದವರಿಗೂ “ಎದ್ದೇಳಿ, ನೀರು ಬರ್ತೈತೆ” ಎಂದು ಕೂಗಿದೆ. ಆ ಕೇರಿಗೆ ಕೋಡಿ ಕೇರಿ ಎನ್ನುತ್ತಾರೆ. ಅರ್ಧ ಕೇರಿ ಗಂಟುಮೂಟೆ ಸಮೇತ ರಸ್ತೆಯಲ್ಲಿ ನಿಂತಿತು.

ಗಿರಿಜಮ್ಮ ಮೀನಿನ ಬುಟ್ಟಿ ಇಳಿಸಿ, ದಕ್ಕೆಗೆ ಹೋಗಿ ನನ್ನ ಗೆರೆಗಳನ್ನು ನೋಡಿ ಬಂದರು. ಸೊಂಟದ ಮೇಲೆ ಕೈಯಿಟ್ಟು ಕೇಳಿದರು, “ಕಡಲಿಗೆ ನಿಮ್ಮ ಗಡಿಯಾರ ಗೊತ್ತುಂಟಾ ಮಾರಾಯ್ರೆ?” ಉಬ್ಬರ ದಿನಕ್ಕೆ ಮುಕ್ಕಾಲು ಗಂಟೆಯಷ್ಟು ತಡವಾಗಿ ಬರುತ್ತದಂತೆ. ಅಷ್ಟಮಿಯ ಹನ್ನೆರಡು ಗಂಟೆಗೆ ಇಳಿದಿದ್ದ ನೀರು ಹುಣ್ಣಿಮೆಯ ಹನ್ನೆರಡಕ್ಕೆ ತುಂಬಿರಲೇಬೇಕಂತೆ. ಇದು ಅಲ್ಲಿ ಮೂರು ವರ್ಷದ ಮಗುವಿಗೂ ಗೊತ್ತು. ಕೇರಿಯವರು ಗಂಟು ಹೊತ್ತುಕೊಂಡು ನಗುತ್ತಾ ಒಳಗೆ ಹೋದರು. ಅಂದಿನಿಂದ ನನಗೆ ‘ಗೆರೆ ಮಾಮ’ ಎಂದು ಹೆಸರು. ರತ್ನ ಮಾತ್ರ ನಗಲಿಲ್ಲ. ಬಟ್ಟೆ ಬಿಚ್ಚಿಡುತ್ತಾ “ಎಷ್ಟ್ ಎದರಿಸಿಬಿಟ್ಟೆ ಮಾಮ” ಎಂದಳು. ನೀನೇ ಅಂದ ಹಾಗಿತ್ತು.

ಮರುದಿನ ಬೆಳಗ್ಗೆ ಗಿರಿಜಮ್ಮ ನನ್ನನ್ನು ಹಿತ್ತಲಿಗೆ ಕರೆದರು. ನಗುವಿರಲಿಲ್ಲ. ನಿನ್ನ ಒರಳುಕಲ್ಲಿನ ಪಕ್ಕ ನಿಂತು ಕೈ ಚಾಚಿ ತೋರಿಸಿದರು. “ನಾನು ಮದುವೆಯಾಗಿ ಬರುವಾಗ ಅಲ್ಲಿ ಎರಡು ಸಾಲು ತೆಂಗು ಇತ್ತು. ಈಗ ಎಲ್ಲುಂಟು?” ಒಂದೇ ಒಂದು ಬುಡ ಮರಳಿನಲ್ಲಿ ವಾಲಿಕೊಂಡಿತ್ತು. “ನೀವು ಹೆದರಿದ್ದು ತಪ್ಪಲ್ಲ. ದಿನದ ನೀರು ನೋಡಿ ಹೆದರಿದ್ದು ತಪ್ಪು. ಮಳೆಗಾಲದ ಅಮಾವಾಸ್ಯೆ, ಹುಣ್ಣಿಮೆಗೆ ಬರ್ತದಲ್ಲ ದೊಡ್ಡ ನೀರು, ಅದನ್ನು ನೋಡಬೇಕು.” ಹಾಗಾದರೆ ಇಲ್ಲಿಂದ ಯಾಕೆ ಏಳುವುದಿಲ್ಲ ಎಂದೆ. “ಎದ್ದು ಎಲ್ಲಿಗೆ ಹೋಗುದು?” ಎಂದರು.

ಅದೇ ವಾರ ಪುರಸಭೆಯವರು ಸಭೆ ಕರೆದಿದ್ದರು. ಇನ್ನೂ ಮೀಸೆ ಸರಿಯಾಗಿ ಬಾರದ ಇಂಜಿನಿಯರು ಗೋಡೆಗೆ ನಕ್ಷೆ ತೂಗುಹಾಕಿ ವಿವರಿಸಿದರು. ಬಂದರು, ಮೀನು ಮಾರುಕಟ್ಟೆ, ದೊಡ್ಡ ರಸ್ತೆ ಉಳಿಯಬೇಕಾದರೆ ಕಡಲಿಗೆ ಕಲ್ಲಿನ ತಡೆಗೋಡೆ ಬೇಕು. ಸರ್ಕಾರ ಅರ್ಧ ಹಣ ಕೊಡುತ್ತದೆ, ಉಳಿದರ್ಧ ಊರು ಹೊಂದಿಸಬೇಕು. ಇರುವ ಹಣಕ್ಕೆ ಗೋಡೆ ಕೋಡಿ ಕೇರಿಯ ಬಾಯಿಯವರೆಗೆ ಮಾತ್ರ. ಆಚೆಗಿರುವ ಮನೆಗಳವರು ಒಪ್ಪಿದರೆ ಊರ ಹಿಂದಿನ ಎತ್ತರದ ಬಯಲಿನಲ್ಲಿ ಸೈಟು. ದೀಪಾವಳಿಯೊಳಗೆ ರುಜು ಹಾಕಬೇಕು. ಹಾಕದಿದ್ದರೆ ಆ ಹಣ ಬೇರೆ ಊರಿಗೆ ಹೋಗುತ್ತದೆ. ರತ್ನಳ ಮನೆ ಗೋಡೆ ಮುಗಿಯುವ ಜಾಗದಿಂದ ನಾಲ್ಕನೆಯದು.

ನಾನು ಎದ್ದು ನಿಂತೆ. ಹಿಂದಿನಿಂದ ಯಾರೋ “ಗೆರೆ ಮಾಮ ಎದ್ದರು, ಗಂಟು ಕಟ್ಟಿ!” ಎಂದರು. ಸಭೆಯೆಲ್ಲ ನಕ್ಕಿತು. ಆ ನಗುವಿನ ನಡುವೆಯೇ ಕೇಳಿದೆ. “ಸ್ವಾಮಿ, ಗೋಡೆಗೆ ಒಡೆದ ಅಲೆ ಸುಮ್ಕೆ ವಾಪಸ್ ಓಯ್ತದಾ? ಗೋಡೆ ಎಲ್ಲಿ ಮುಗೀತದೋ ಅಲ್ಲೇ ತಾನೆ ನುಗ್ಗೋದು?” ಇಂಜಿನಿಯರು ನಕ್ಷೆಯನ್ನೇ ನೋಡುತ್ತಾ, “ಹೌದು, ಗೋಡೆಯ ತುದಿಯಲ್ಲಿ ಕೊರೆತ ಜಾಸ್ತಿ ಆಗುತ್ತದೆ. ಅದಕ್ಕೇ ಆ ಮನೆಗಳು ಮೊದಲು ಏಳಲಿ ಅನ್ನುವುದು” ಎಂದರು. ನಗು ನಿಂತಿತು. ಇನ್ನೊಂದು ಕೇಳಿದೆ. “ಪಂಪಿಗೆ ಒಂದ್ಸಲ ಕಾಸು ಕೊಟ್ರೆ ಮುಗೀಲಿಲ್ಲ, ಅದನ್ನ ದಿನಾ ನಡೆಸ್ಬೇಕು. ನಿಮ್ ಕಲ್ಲು ವರ್ಷಾ ವರ್ಷಾ ಮರಳಾಗೆ ಇಳೀತದೆ. ಮೇಲೆ ಕಲ್ಲು ಹಾಕಾಕೆ ಯಾರ್ ಕೊಡ್ತಾರೆ?” ಆ ಖರ್ಚು ಯೋಜನೆಯಲ್ಲೇ ಇರಲಿಲ್ಲ. ಮಾರುಕಟ್ಟೆಯ ಸುಂಕದಲ್ಲಿ ಒಂದು ಪಾಲನ್ನು ಅದಕ್ಕೆಂದೇ ಎತ್ತಿಡಬೇಕೆಂದು ಕೊನೆಗೆ ಬರೆದುಕೊಂಡರು. ಬರೆದುಕೊಂಡದ್ದನ್ನು ಮಾಡುತ್ತಾರೆಯೇ? ನನಗೇನು ಗೊತ್ತು...

ಮನೆಗೆ ಬಂದು ರತ್ನಳಿಗೆ ರುಜು ಹಾಕು ಎಂದೆ. ತಲೆಯಾಡಿಸಿದಳು. “ಅವರ ರಿಪೇರಿ ಅಂಗಡಿ ದಕ್ಕೆ ಹತ್ರ ಇದೆ, ಅತ್ತೆಗೆ ಮೀನಿನ ವ್ಯಾಪಾರ. ಆ ಬಯಲಲ್ಲಿ ಕೂತು ಏನ್ ಮಾಡಾಣ? ನೀನು ಏಳು ದಿನದಲ್ಲಿ ಸಮುದ್ರ ಮೂರಡಿ ಏರಿಸಿದೋನು ಮಾಮ. ನಿನ್ ಮಾತು ಕೇಳ್ಕೊಂಡು ಎದ್ರೆ ಕೇರಿ ನಗ್ತದೆ.” ಒಂದು ಸುಳ್ಳು ಗೆರೆ ಎಳೆದವನ ನಿಜವಾದ ಗೆರೆಯನ್ನು ಯಾರು ನಂಬುತ್ತಾರೆ? ಹೊರಡುವ ದಿನ ಗಿರಿಜಮ್ಮ ನನ್ನ ಸೀಮೆಸುಣ್ಣ ಕೇಳಿ ತೆಗೆದುಕೊಂಡು, ಒಮ್ಮೆ ನೋಡಿ ವಾಪಸು ಕೊಟ್ಟರು. “ಇದು ನೀರಿಗೆ ಅಳಿಸಿಹೋಗ್ತದೆ. ನಮ್ಮಲ್ಲಿ ದೋಣಿಗೆ ಹಚ್ಚುವ ಬಣ್ಣ ಉಂಟು. ಒರಳಿನ ಕಟ್ಟೆಯಲ್ಲಿ ನಾನು ಗೆರೆ ಹಾಕ್ತೇನೆ. ದೊಡ್ಡ ನೀರಿನ ದಿನ ಮಾತ್ರ.”

ಆ ಮಳೆಗಾಲದ ಮೊದಲ ಕಾಗದ ಬಂದಾಗ ಒಡೆದರೆ ಒಳಗಿನಿಂದ ಒಂದು ದಾರ ಜಾರಿ ಬಿತ್ತು. ಮೀನುಬಲೆಯ ದಾರ. ಒರಳಿನ ಬಾಯಿಂದ ಕೆಳಗೆ ನೀರಿನ ಗೆರೆಯವರೆಗೆ ಅಳೆದು ಗಿರಿಜಮ್ಮ ಕತ್ತರಿಸಿದ್ದು ಎಂದು ರತ್ನ ಬರೆದಿದ್ದಳು. ನನ್ನ ಮೊಣಕೈಯಿಂದ ಬೆರಳ ತುದಿಯಷ್ಟು ಉದ್ದವಿತ್ತು. ಮುಂದಿನ ಅಮಾವಾಸ್ಯೆಯ ದಾರ ಒಂದು ಗೇಣು. ಅದರ ಮುಂದಿನದು... ಪೋಸ್ಟ್‌ಮನ್ ಕಂಡರೆ ಬೀದಿಗೇ ಓಡುತ್ತಿದ್ದೆ, ಅಕ್ಕಾ. ಕಾಗದ ಓದುವ ಮೊದಲು ದಾರ ಹುಡುಕುತ್ತಿದ್ದೆ. ಆ ವರ್ಷದ ಕೊನೆಯ ದಾರ ನನ್ನ ಕಿರುಬೆರಳಿಗೂ ಚಿಕ್ಕದು. ಜೊತೆಗೆ ಒಂದೇ ಸಾಲು: “ಅತ್ತೆ ರುಜು ಹಾಕಿದರು. ಅದನ್ನು ನೋಡಿ ನಾವೂ ಹಾಕಿದೆವು.”

ಈ ಬೇಸಿಗೆಯಲ್ಲಿ ಗೋಡೆ ಮುಗಿಯಿತು. ರತ್ನಳ ಮನೆಯವರು ಬಯಲಿಗೆ ಹೋದರು. ವಾಸು ದಿನಾ ಸೈಕಲ್ಲಿನಲ್ಲಿ ದಕ್ಕೆಗೆ ಇಳಿಯುತ್ತಾನೆ. ಗಿರಿಜಮ್ಮ ಮೀನು ಹೊತ್ತು ದಿಬ್ಬ ಹತ್ತುವಾಗ ನನ್ನ ಹೆಸರು ಹಿಡಿದು ಬೈಯುತ್ತಾರಂತೆ. ನಿನ್ನ ಒರಳುಕಲ್ಲನ್ನು ಮಾತ್ರ ಕೀಳಲು ಆಗಲಿಲ್ಲ. ಕಟ್ಟೆಯಿಂದ ಅಲ್ಲಾಡಲೇ ಇಲ್ಲ. ಇಂಜಿನಿಯರು ಬಂದು ಅದರ ಮೇಲೆ ಕೆಂಪು ಬಣ್ಣದಲ್ಲಿ ಗುರುತು ಹಾಕಿ, ಆ ಕೇರಿಯ ನೀರನ್ನು ಇನ್ನು ಇದರಿಂದಲೇ ಅಳೆಯುತ್ತೇವೆ ಎಂದು ನಕ್ಷೆಯಲ್ಲಿ ಬರೆದುಕೊಂಡರಂತೆ. ನೀನು ಗಾಡಿಗೆ ಹತ್ತಿಸಿದ ಕಲ್ಲು ಈಗ ಒಂದು ಪಟ್ಟಣದ ನಕ್ಷೆಯಲ್ಲಿದೆ, ಅಕ್ಕಾ.

ನಿನ್ನೆ ಮಧ್ಯಾಹ್ನ ರತ್ನಳ ಕಾಗದ ಬಂತು. ಕವರು ಕೊಡವಿದೆ, ದಾರ ಬೀಳಲಿಲ್ಲ. ಮತ್ತೆ ಕೊಡವಿದೆ. ಆಮೇಲೆ ಓದಿದೆ. ಶ್ರಾವಣದ ಅಮಾವಾಸ್ಯೆಯ ನೀರು ಗೋಡೆಯ ತುದಿ ಸುತ್ತಿ ಕೇರಿಗೆ ನುಗ್ಗಿತಂತೆ. ಒರಳಿನ ಬಾಯಿಗೆ ಬಂದು, ಒರಳನ್ನು ತುಂಬಿ, ಅಡುಗೆಮನೆಯ ಗೋಡೆಯನ್ನು ಕೆಡವಿಕೊಂಡು ಒಳಗೆ ಹೋಯಿತಂತೆ. ಅಳೆಯಲು ಜಾಗವೇ ಉಳಿಯದ ಮೇಲೆ ದಾರ ಎಲ್ಲಿಂದ? ನೀನು ಹೆದರಿದ್ದ ದಿನ ಬಂದೇ ಬಂತು. ನೀರು ಮನೆಯೊಳಗೆ ಬಂತು, ಆದರೆ ಮನೆಯಲ್ಲಿ ನಿನ್ನ ಮಗಳು ಇರಲಿಲ್ಲ.

ಕೇರಿಯಲ್ಲಿ ರುಜು ಹಾಕದ ಅರ್ಧ ಜನ ಇನ್ನೂ ಅಲ್ಲೇ ಇದ್ದಾರೆ. ಮನೆ ಬಿಟ್ಟು ಓಡಿ ಜೀವ ಉಳಿಸಿಕೊಂಡರಂತೆ, ನೀರು ಇಳಿದ ಮೇಲೆ ಮತ್ತೆ ಒಳಗೆ ಹೋದರಂತೆ. ಅವರಿಗೂ ಸೈಟು ಕೊಡಿಸಬೇಕೆಂದು ಗಿರಿಜಮ್ಮ ಪುರಸಭೆಗೆ ಅಲೆಯುತ್ತಿದ್ದಾರೆ. ಗೋಡೆಯ ಕಲ್ಲು ಆಗಲೇ ಒಂದು ಕಡೆ ಇಳಿದಿದೆ. ಸುಂಕದ ಪಾಲು ಎತ್ತಿಟ್ಟಿದ್ದಾರೋ ಇಲ್ಲವೋ ಎಂದು ಕೇಳಲು ಯಾರಾದರೂ ಎದ್ದು ನಿಲ್ಲಬೇಕು. ಮಳೆ ನಿಂತ ಕೂಡಲೇ ನಾನು ಹೋಗುತ್ತೇನೆ. ನಗುವವರು ನಗಲಿ.

ಕೊನೆಗೆ ಇಟ್ಟುಕೊಂಡ ಮಾತು ಬರೆಯೋಣವೆಂದರೆ ‘ಎಲ್ಲರೂ’ ಎಂದು ಬರೆಯಲು ಕೈ ಬರುತ್ತಿಲ್ಲ. ನಮ್ಮವರು ಕ್ಷೇಮ, ಅಕ್ಕಾ. ಇವತ್ತಿಗೆ ಅಷ್ಟು ಹೇಳಬಲ್ಲೆ.

ನಿನ್ನ ತಮ್ಮ,
ಮುನಿಸ್ವಾಮಿ