ಹದಿನೇಳನೇ ನಂಬರಿನ ಅಂಗಿ

ವೆಸ್ಲಿನ್, ನೆಬ್ರಾಸ್ಕ
ಅಕ್ಟೋಬರ್ ೨೩, ಬುಧವಾರ

ಪ್ರೀತಿಯ ಟ್ರೆಂಟ್,

ಕ್ಷೇಮವಾಗಿದ್ದೀಯೆಂದು ನಂಬಿದ್ದೇನೆ. ಆ ಫುಟ್‌ಬಾಲ್ ಪಂದ್ಯವಾದ ದಿನವೇ ಬರೆಯಬೇಕಿತ್ತು, ತಡವಾಯಿತು. ಬೇಜಾರು ಮಾಡಿಕೊಳ್ಳಬೇಡ. ಕೋಪ ಇಳಿಯಲಿ ಎಂದು ಕಾದೆ, ಇಳಿಯಲಿಲ್ಲ. ಫೋನನ್ನಂತೂ ನೀನು ಎತ್ತುವುದಿಲ್ಲ.

ಮನೆಯಲ್ಲಿ ಎಲ್ಲರೂ ಆರೋಗ್ಯ. ನಿನ್ನ ಭಾವ ಮೆಕ್ಕೆಜೋಳದ ಕೊಯ್ಲಿನಲ್ಲಿ ಮುಳುಗಿದ್ದಾರೆ. ಊರಿನ ಸುದ್ದಿ ಎಂದರೆ ನೀನೇ. ಹೆಲ್ಮೆಟ್ ಕಳಚಿ ಬಿದ್ದವನ ಮುಖವನ್ನು ನೀನು ಬೂಟುಗಾಲಲ್ಲಿ ತುಳಿದದ್ದನ್ನು ಟೀವಿಯವರು ತಿರುತಿರುಗಿ ತೋರಿಸಿದರು. ಪ್ರತಿಸಲವೂ ನಿನ್ನ ಹೆಸರಿನ ಕೆಳಗೆ ನಮ್ಮ ಕಾಲೇಜಿನ ಹೆಸರು. ನೀನು ಇಲ್ಲಿಂದ ಹೋಗಿ ದೊಡ್ಡ ತಂಡ ಸೇರಿ ಎಷ್ಟೋ ವರ್ಷವಾಯಿತು, ಆದರೂ.

ಭಾನುವಾರ ಚರ್ಚಿನಲ್ಲಿ ಎಲ್ಲರಿಗೂ ಚಿಲಿ ಸಾರಿನ ಊಟವಿತ್ತು. ಅಲ್ಲೇ ಜಗಳ ಹತ್ತಿತು. "ಕಾಲೇಜಿನ ಗೋಡೆ ಮೇಲಿರೋ ಅವನ ಫೋಟೋ ಮೊದಲು ಇಳಿಸಿ. ಊರೂರಲ್ಲಿ ನಮಗೆ ಉಗೀತಿದಾರೆ," ಎಂದಳು ಬ್ಯಾಂಕಿನ ಕಾರ್ಲಾ.

ಕಬ್ಬಿಣದ ಅಂಗಡಿಯ ಓರ್ವಿಲ್ ಬಿಟ್ಟಾನೆಯೇ? "ಮೂವತ್ತು ದಾಟಿದ ಗಂಡಸು ಎಲ್ಲೋ ತುಳಿದ್ರೆ ಕಾಲೇಜಿಗೇನಮ್ಮಾ ಸಂಬಂಧ?"

"ಗೆದ್ದಾಗ ನಮ್ಮ ಹುಡುಗ ಅಂತ ಕುಣಿದೋನು ನೀನೇ ಅಲ್ವಾ? ಒದ್ದಾಗ ಯಾರ ಹುಡುಗ?"

ಆಮೇಲೆ ನನ್ನನ್ನು ನೋಡಿ ಇಬ್ಬರೂ ತಟ್ಟೆ ಎತ್ತಿಕೊಂಡು ಬೇರೆ ಬೇರೆ ಮೇಜಿಗೆ ಹೋದರು. ಸಾರಿನ ಜತೆ ಕೊಟ್ಟ ದಾಲ್ಚಿನ್ನಿಯ ಸಿಹಿ ರೋಲನ್ನು ಕಾಗದದಲ್ಲಿ ಸುತ್ತಿಕೊಂಡು ನಾನೂ ಮನೆಗೆ ಬಂದೆ.

ಅವರ ವಾದ ಅವರಿಗಿರಲಿ, ನನ್ನ ಸಂಕಟ ಈಗ ಅದೇ ಕಾಲೇಜಿಗೆ ಆಡುತ್ತಿರುವ ನನ್ನ ಮಗ ಕೋಲ್ಬಿಯದು. ಹದಿನೇಳನೇ ನಂಬರಿನ ಅಂಗಿಯನ್ನು ನಮ್ಮಲ್ಲಿ ಕೋಚ್ ಕೊಡುವುದಿಲ್ಲ. ಹಿಂದೆ ತೊಟ್ಟವನೇ ಕರೆದು ಕೊಡಬೇಕು, ಕೊಟ್ಟವನೇ ವಾಪಸ್ ಕೇಳಬೇಕು. ನೀನು ವರ್ಷಗಟ್ಟಲೆ ಯಾರಿಗೂ ಕೊಡದೆ ಕೋಲ್ಬಿಗೆ ಕೊಟ್ಟೆ. ಅವತ್ತು ಅವನು ಅದನ್ನು ತೊಟ್ಟುಕೊಂಡೇ ಮಲಗಿದ್ದ. ಈಗ ಪರವೂರಿನಲ್ಲಿ ಆ ನಂಬರ್ ಕಂಡೊಡನೆ ಜನ ಗ್ಯಾಲರಿಯ ಹಲಗೆಗಳ ಮೇಲೆ ಕಾಲು ಬಡಿದು, "ತುಳಿಯೋ, ತುಳಿಯೋ!" ಎಂದು ಕೂಗುತ್ತಾರೆ.

ಕೋಚ್ ಪಾವೆಲ್ಕಾ ಮನೆಗೇ ಬಂದಿದ್ದರು. "ಮಗಾ, ಸ್ವಲ್ಪ ದಿನ ಬೇರೆ ನಂಬರ್ ಹಾಕ್ಕೋ. ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ," ಎಂದರು.

ಕೋಲ್ಬಿ ತಲೆ ಎತ್ತಲಿಲ್ಲ. "ಮಾಮ ಕೊಟ್ಟಿದ್ದು. ಮಾಮ ಕೇಳಿದ್ರೆ ಬಿಚ್ಚಿಕೊಡ್ತೀನಿ. ನೀವ್ಯಾರು ಕೇಳೋಕೆ?"

ಕೋಚ್ ಎದುರು ಹಾಗೆ ಮಾತಾಡುವ ಹುಡುಗನಲ್ಲ ಅವನು. ಅವರು ಕಾಫಿಯನ್ನೂ ಕುಡಿಯದೆ ಎದ್ದುಹೋದರು.

ದಂಡ ಕಟ್ಟಿದ್ದಾಯಿತು, ಇನ್ನು ಮಾತು ಮುಗಿಯಿತು ಎಂದು ನಿನ್ನ ವಕೀಲ ಹೇಳಿದ್ದನ್ನು ಪತ್ರಿಕೆಯಲ್ಲಿ ಓದಿದೆ. ಮುಗಿದದ್ದು ನಿನಗೆ, ನಮಗಲ್ಲ. ನಿನ್ನನ್ನು ಕೇಳುವುದು ಇಷ್ಟೇ: ಶನಿವಾರದ ಪಂದ್ಯಕ್ಕೆ ಮೊದಲು ಕೋಲ್ಬಿಗೆ ಫೋನ್ ಮಾಡಿ ಅಂಗಿ ವಾಪಸ್ ಕೇಳು. ತಪ್ಪು ನಂದು, ನೀನು ಹೊರಬೇಡ ಎಂದು ನಿನ್ನ ಬಾಯಲ್ಲೇ ಹೇಳು. ಅಟ್ಟ ಮೇಲೆ ಒಲೆ ಉರಿಯಿತು ಎಂಬಂತೆ ಆಗುವುದು ಬೇಡ. ತುರ್ತು ಅಂಚೆಯಲ್ಲಿ ಕಳಿಸುತ್ತಿದ್ದೇನೆ, ಸಿಗಲಿಲ್ಲ ಎನ್ನಬೇಡ.

ನಿನ್ನ ಮೇಲೆ ಸಿಟ್ಟಿದೆ, ನಾಚಿಕೆಯೂ ಆಗಿದೆ. ಆದರೂ ನನ್ನ ಕೈಯಲ್ಲಿ ಬೆಳೆದವನು ನೀನು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ಜತೆಗೆ ಒಂದಿಷ್ಟು ಬುದ್ಧಿಯನ್ನೂ ಕೊಡಲಿ.

ನಿನ್ನ ಅಕ್ಕ,
ಜೋಲೀನ್

ವಿ.ಸೂ.: ಇದನ್ನು ನಿನ್ನ ಭಾವನಿಗೂ ಹೇಳಿಲ್ಲ. ಕಳೆದ ಶನಿವಾರ ಜನ ಹಾಗೆ ಕೂಗುತ್ತಿದ್ದಾಗ ಎದುರು ತಂಡದ ಹುಡುಗನೊಬ್ಬ ಕೋಲ್ಬಿಯ ಮುಂದೆ ಬಿದ್ದ. ಕೋಲ್ಬಿ ಕಾಲು ಎತ್ತಿದ. ಒಂದು ಕ್ಷಣ ಹಾಗೇ ನಿಂತು, ಆಮೇಲೆ ಪಕ್ಕಕ್ಕೆ ಇಟ್ಟ. ಮನೆಗೆ ಬರುವಾಗ ಕಾರಿನಲ್ಲಿ ಕೇಳಿದ, "ಅಮ್ಮಾ, ನೀನು ನೋಡ್ಲಿಲ್ಲ ತಾನೇ?" "ಏನನ್ನಪ್ಪಾ?" ಎಂದುಬಿಟ್ಟೆ. ನಾನು ನೋಡಿದ್ದೆ, ಟ್ರೆಂಟ್.