ಯೂಲೆಗೆಂದು ಮಾಡಿದ ಕಡುಬು

ಮಾರ್ಚ್ 27, ಸೋಮವಾರ
ಚಾಕು ಮಸೆದೆ. ಮಾಂಸದಂಗಡಿ ಮುಚ್ಚಿ ಆರು ವರ್ಷ, ಅಭ್ಯಾಸ ಬಿಟ್ಟಿಲ್ಲ. ಮೊಮ್ಮಗಳು ಯೂಲೆಯ ಫೋನ್. ಈಸ್ಟರ್‌ಗೆ ಮುಂಚಿನ ಪವಿತ್ರ ಗುರುವಾರದ ಊಟಕ್ಕೆ ಬರುತ್ತಾಳಂತೆ — ಎರಡು ವರ್ಷದ ಮೇಲೆ! ಆದರೆ ಮೌಲ್ಟಾಶೆಯಲ್ಲಿ ಮಾಂಸ ಇರಬಾರದಂತೆ. ಉಪವಾಸದಲ್ಲಿ ಹಿಟ್ಟಿನೊಳಗೆ ಮಾಂಸ ಬಚ್ಚಿಟ್ಟು ದೇವರ ಕಣ್ಣಿಗೆ ಮಣ್ಣೆರಚಲೆಂದೇ ಹುಟ್ಟಿದ ಕಡುಬು ಅದು. ನಾವು ದಕ್ಷಿಣ ಜರ್ಮನಿಯ ಶ್ವಾಬಿಯದವರು ಅದನ್ನು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತೇವೆ.

"ಮಾಂಸ ಇಲ್ದಿದ್ರೆ ಬಚ್ಚಿಡೋದೇನು?" ಅಂದೆ, ಫೋನ್ ಇಟ್ಟು.

ಹೆಂಡತಿ ಹಿಲ್ಡೆಯ ಕಣ್ಣು ಕೆಂಪಾಯಿತು. "ಹುಲ್ಲು ತಿನ್ನೋರು ಕೊಟ್ಟಿಗೇಲಿ ಕೂರ್ಲಿ ಅಂದು ಆ ಮಗೂನ ಓಡಿಸ್ದೋನು ನೀನು. ಸುಮ್ನೆ ಮಾಡು, ಮಾರಾಯ."

ಹೆಂಡತಿ ಹೇಳಿದ್ದು ಸರಿ. ಯೂಲೆ ಇಲ್ಲದ ಊಟ ನನಗೂ ಗಂಟಲಲ್ಲಿ ಇಳಿದಿರಲಿಲ್ಲ.

ಏಪ್ರಿಲ್ 2, ಭಾನುವಾರ
ಬೇಳೆಯ ಹೂರಣ — ಒಡೆದುಹೋಯಿತು. ಅಣಬೆ — ನೀರು ನೀರು. ಆಮೇಲೆ ಅಮ್ಮನದು ನೆನಪಾಯಿತು. ಹಳೆಯ ಬ್ರೆಡ್ಡು, ಪಾಲಕ್, ಈರುಳ್ಳಿ. ಎಂಟು ಜನಕ್ಕೆ ಒಂದೇ ಹಿಡಿ ಮಾಂಸ. ಕಡುಬಿನ ಹೊಟ್ಟೆ ತುಂಬ ಮಾಂಸ ತುರುಕಿದ್ದು ನಾನು, ಅಂಗಡಿ ಇಟ್ಟ ಮೇಲೆ. ಆ ಒಂದು ಹಿಡಿಯನ್ನೂ ಬಿಟ್ಟು ಮಾಡಿದೆ.

ಹಿಲ್ಡೆ ತಿಂದಳು. "ಅತ್ತೆ ಬಂದಂಗಾಯ್ತು."

ಏಪ್ರಿಲ್ 6, ಗುರುವಾರ, ಮಧ್ಯಾಹ್ನ 3
ಬಂದಳು! ಐದು ಕಡುಬು, ಎರಡು ಬಟ್ಟಲು ಸಾರು.

"ಅಜ್ಜ, ನಿಜವಾಗ್ಲೂ ಮಾಂಸ ಇಲ್ವಾ?"

"ಒಂದು ಚೂರೂ ಇಲ್ಲ ಕಣೇ!"

ಕೊರಳಿಗೆ ಜೋತುಬಿದ್ದಳು. ನನಗೆ ಇನ್ನೇನು ಬೇಕು.

ಸಂಜೆ 5
ಪಾತ್ರೆ ತೊಳೆಯುವಾಗ ತಳದಲ್ಲಿ ಹಸುವಿನ ಮೂಳೆ. ನಿನ್ನೆ ನಾನೇ ಹಾಕಿದ್ದು, ಪ್ರತಿ ವರ್ಷದಂತೆ. ಅಷ್ಟು ಜೋಪಾನವಾಗಿ ಹೂರಣ ಮಾಡಿ, ಕಡುಬನ್ನು ಮೂಳೆಯ ಸಾರಿನಲ್ಲೇ ಬೇಯಿಸಿ ಬಡಿಸಿದ್ದೇನೆ. ಕಟುಕನಿಗೆ ಸಾರು ಅಂದರೆ ನೀರು. ಅದು ಮಾಂಸದ ಲೆಕ್ಕಕ್ಕೇ ಬರುವುದಿಲ್ಲ.

"ಹೇಳ್ಬೇಡ," ಅಂದಳು ಹಿಲ್ಡೆ. "ಮತ್ತೆ ಹೊರಟೇಹೋಗ್ತಾಳೆ."

ದೇವರಿಗೆ ಮೋಸ ಮಾಡಿದರೆ ಅವನು ನಕ್ಕುಬಿಡಬಹುದು. ಯೂಲೆ ನನ್ನ ಮಾತು ನಂಬಿ ಉಂಡಳಲ್ಲ... ಭಯವಾಗುತ್ತಿದೆ.

ಏಪ್ರಿಲ್ 7, ಶುಭ ಶುಕ್ರವಾರ, ಬೆಳಿಗ್ಗೆ 9
ರಾತ್ರಿ ಇಲ್ಲೇ ಉಳಿದಿದ್ದ ಯೂಲೆಗೆ ಹೇಳಿದೆ. ಅವಳ ಮುಖ ಬಿಳಿಚಿಕೊಂಡಿತು. ಕೋಟು ಹಾಕಿಕೊಂಡು ಹೊರಟೇಹೋದಳು. ಹಿಲ್ಡೆ ನನ್ನತ್ತ ತಿರುಗದೆ ಕಿಟಕಿ ಬಳಿ ನಿಂತಿದ್ದಾಳೆ.

10.30
ಬಾಗಿಲು ಸದ್ದಾಯಿತು. ಯೂಲೆ! ಕೈಯಲ್ಲಿ ಪಕ್ಕದ ಮನೆಯಿಂದ ಬೇಡಿ ತಂದ ಕ್ಯಾರೆಟ್, ಸೆಲರಿ ಗಡ್ಡೆ.

"ಬೇಯಿಸ್ದೇ ಇರೋ ಕಡುಬು ಉಳಿದಿದ್ಯಾ?"

"ಹನ್ನೆರಡು."

"ಸಿಟ್ಟು ಇನ್ನೂ ಇದೆ. ಏಳು, ಸಾರು ಮಾಡೋದು ಕಲಿಸ್ತೀನಿ."

ನಲವತ್ತೊಂದು ವರ್ಷ ಕಟುಕನಾಗಿದ್ದವನಿಗೆ! ಮೂಳೆಯಿಲ್ಲದೆ ಸಾರಿಗೆ ರುಚಿ ಎಲ್ಲಿಂದ — ಇದನ್ನು ಇಲ್ಲಿ ಮಾತ್ರ ಬರೆಯುತ್ತೇನೆ, ಅಡುಗೆಮನೆಯಲ್ಲಿ ತುಟಿ ಬಿಚ್ಚುವುದಿಲ್ಲ. ಕೂಗುತ್ತಿದ್ದಾಳೆ. ಕ್ಯಾರೆಟ್ ಹೆಚ್ಚಬೇಕಂತೆ. ಬಂದೆ ತಾಯಿ, ಬಂ—